ನಮ್ಮ ಮನೆ ಕಡೆಗೆ ತಿರುಗಿದ ಮೈಕು

ಗುಡಿಯ ಮೈಕಿನ ಸದ್ದು ಕಡಿಮೆ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಇಷ್ಟು ಬರೆಯುವುದಕ್ಕೇ ಕೈ ಹಿಂಜರಿಯುತ್ತದೆ. ನಾನು ಶನಿವಾರ ಒಪ್ಪೊತ್ತು ಇರುವವಳು, ಆಂಜನೇಯನಿಗೆ ವೀಳ್ಯದೆಲೆ ಹಾರ ಕಟ್ಟುವವಳು, ಹೊಸಿಲಿಗೆ ನೀರು ಹಾಕಿ ರಂಗೋಲಿ ಬಿಡದೆ ಕಾಫಿ ಮುಟ್ಟದವಳು. ನಮ್ಮೂರಿನಲ್ಲಿ ನನ್ನ ಬಗ್ಗೆ ಯಾರು ಏನೇ ಆಡಿಕೊಂಡರೂ ದೇವರ ವಿಷಯದಲ್ಲಿ ಬೆರಳು ತೋರಿಸಿದವರಿರಲಿಲ್ಲ. ಈಗ ಇದ್ದಾರೆ.

ನಮ್ಮೂರು ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಆಂಜನೇಯನ ಗುಡಿ ನಮ್ಮ ಮನೆಯ ಎದುರಿಗೇ. ಮಧ್ಯೆ ಒಂದು ಸಿಮೆಂಟು ರಸ್ತೆ, ದನಗಳು ನೀರು ಕುಡಿಯುವ ಒಂದು ತೊಟ್ಟಿ, ಅಷ್ಟೆ. ಮದುವೆಯಾಗಿ ಬಂದ ಹೊಸದರಲ್ಲಿ, ಬಾಗಿಲು ತೆಗೆದರೆ ದೇವರು ಕಾಣುತ್ತಾನಲ್ಲ ಎಂದು ಹಿಗ್ಗಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಹಿಗ್ಗು ಹಾಗೇ ಇತ್ತು.

ಮಾವನವರು ತೀರಿಕೊಂಡು ವರ್ಷ ತುಂಬಿದಾಗ ಅವರ ಹೆಸರಿನಲ್ಲಿ ಗುಡಿಗೆ ಏನಾದರೂ ಕೊಡಬೇಕೆಂದು ಮನೆಯಲ್ಲಿ ಮಾತಾಯಿತು. ಗಂಟೆಯನ್ನು ಆಗಲೇ ಯಾರೋ ಕೊಟ್ಟಿದ್ದರು. ಗೋಡೆ ಗಡಿಯಾರಗಳೇ ಮೂರು ಇದ್ದವು, ಮೂರೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಗುಡಿ ಕಮಿಟಿಯವರು ಮೈಕ್ ಸೆಟ್ ಹಳತಾಗಿದೆ ಎಂದರು. ನಮ್ಮ ಯಜಮಾನರು ಒಪ್ಪಿಕೊಂಡರು. ಆ ಹೊತ್ತಿಗೆ ಅತ್ತೆಗೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ಬಲಗಡೆಯ ಕೈ ಕಾಲು ಬಿದ್ದುಹೋಗಿದ್ದವು, ಮಾತು ಪೂರ್ತಿ ನಿಂತಿತ್ತು. ರಸ್ತೆ ಕಡೆಯ ಕೋಣೆಗೆ ಬಚ್ಚಲು ಹೊಂದಿಸಿ, ಬೆನ್ನು ಹುಣ್ಣಾಗದಂತೆ ಗಾಳಿ ತುಂಬುವ ಹಾಸಿಗೆ ಹಾಕಿ ಅಲ್ಲೇ ಮಲಗಿಸಿದ್ದೆವು.

ಮೈಕು ಕಟ್ಟುವವನು ಗುಡಿಯ ತಾರಸಿ ಹತ್ತಿ ನಿಂತು, "ಅಣ್ಣಾ, ಇದ್ರ ಬಾಯಿ ಯಾವ ಕಡೆ ಮಾಡ್ಲಿ?" ಎಂದು ಕೂಗಿದ.

"ನಮ್ಮನೆ ಕಡೀಕೇ ತಿರುಗ್ಸಪ್ಪ. ಅಮ್ಮ ಎದ್ದು ಗುಡಿಗೆ ಬರಕ್ಕಾಗಲ್ಲ, ಮಲಗಿದ್ದಲ್ಲೇ ಕೇಳಿಸ್ಕೊಳ್ಳಲಿ" ಎಂದರು ಯಜಮಾನರು.

ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಎಂಥ ಮಗ ಎಂದು ನನಗೂ ಕಣ್ಣು ತುಂಬಿತು. ಅದನ್ನೂ ಬರೆದುಬಿಡುತ್ತೇನೆ, ತಪ್ಪು ಅವರೊಬ್ಬರದಲ್ಲ.

ಮಾರನೆಯ ದಿನ ಬೆಳಗಿನ ಐದಕ್ಕೆ ಮೈಕು ಶುರುವಾಯಿತು. ಮೊದಲು ಗೊರಗೊರ, ಆಮೇಲೆ ಪೂಜಾರರ ಎರಡು ಕೆಮ್ಮು, ಆಮೇಲೆ ಮಾವನವರ ಹೆಸರು ಹೇಳಿ ಇದು ಅವರ ನೆನಪಿಗೆ ಮಕ್ಕಳು ಕೊಟ್ಟ ಸೇವೆ ಎಂಬ ಮಾತು. ಆಮೇಲೆ ಸುಪ್ರಭಾತ. ಕಿಟಕಿಯ ಗಾಜು ಜುಮ್ಮೆಂದಿತು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಅದುರಿದವು. ನಾನು ಅತ್ತೆಯ ಕೋಣೆಗೆ ಓಡಿದೆ. ಯಜಮಾನರು ಆಗಲೇ ಅಲ್ಲಿ ನಿಂತಿದ್ದರು. ಅತ್ತೆಯ ಎರಡೂ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನೆಟ್ಟಗಿದ್ದದ್ದು ಎಡಗೈ ಒಂದೇ, ಅದನ್ನೂ ಅವರು ಎದೆಯ ಮೇಲಿಂದ ಎತ್ತುತ್ತಿರಲಿಲ್ಲ. ಆ ಕೈ ಮೇಲೆದ್ದು ಕೆನ್ನೆಯ ಹತ್ತಿರ ಬಂದಿತ್ತು. ಕೆನ್ನೆಗೆ ತಟ್ಟುತ್ತಿತ್ತು, ಜಾರುತ್ತಿತ್ತು, ಮತ್ತೆ ತಟ್ಟುತ್ತಿತ್ತು.

"ನೋಡೇ" ಎಂದರು ಯಜಮಾನರು. "ತಪ್ಪಾಯ್ತಪ್ಪಾ ಅಂತ ಗಲ್ಲ ಬಡ್ಕೋತಾವ್ಳೆ. ಅಮ್ಮಂಗೆ ಎಲ್ಲಾ ಗೊತ್ತಾಯ್ತದೆ ಕಣೇ."

ದೇವರ ಮುಂದೆ ನಿಂತಾಗ ನಾವೆಲ್ಲ ಹಾಗೆ ಗಲ್ಲ ತಟ್ಟಿಕೊಳ್ಳುವವರೇ. ಅತ್ತೆಯಂತೂ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಗುಡಿ ಕಂಡರೂ ತಟ್ಟಿಕೊಳ್ಳುತ್ತಿದ್ದರು. ಹಾಗಾಗಿ ಬೇರೆ ಯಾವ ಅರ್ಥವೂ ಯಾರಿಗೂ ಹೊಳೆಯಲಿಲ್ಲ. ನನಗೂ ನಾಲ್ಕು ದಿನ ಹೊಳೆಯಲಿಲ್ಲ.

ಐದನೆಯ ದಿನ ಮುಖ ಒರೆಸುವಾಗ ಅತ್ತೆಯ ಎಡಗಿವಿಯ ಸುತ್ತ ಉಗುರಿನ ಗೀರುಗಳು ಕಂಡವು. ಮರುದಿನ ಮೈಕು ಶುರುವಾಗುವ ಮೊದಲೇ ಹೋಗಿ ಮಂಚದ ಪಕ್ಕ ಕೂತು ನೋಡಿದೆ. ಕೈ ಹೊರಟಿದ್ದು ಕಿವಿಗೆ. ಬೆರಳಲ್ಲಿ ಕಸುವಿಲ್ಲದೆ ಕಿವಿಯ ಮೇಲೆ ನಿಲ್ಲದೆ ಕೆನ್ನೆಗೆ ಜಾರುತ್ತಿತ್ತು. ಮತ್ತೆ ಎತ್ತುವುದು, ಮತ್ತೆ ಜಾರುವುದು. ಬಲಗಿವಿ ಕಿಟಕಿಯ ಕಡೆಗಿತ್ತು, ಅದನ್ನು ಮುಚ್ಚಲು ಅವರಿಗೆ ಕೈಯೇ ಇರಲಿಲ್ಲ. ಸುಪ್ರಭಾತ, ಅದರ ಹಿಂದೆ ಭಕ್ತಿಗೀತೆ, ಒಟ್ಟು ನಲವತ್ತು ನಿಮಿಷ. ಅಷ್ಟೂ ಹೊತ್ತು ಅತ್ತೆ ನನ್ನನ್ನೇ ನೋಡುತ್ತಿದ್ದರು. ಆ ನೋಟ ನನಗೆ ಗೊತ್ತು. ನನ್ನ ಬಾಣಂತನದಲ್ಲಿ ಅವರು ಎರೆಯುತ್ತಿದ್ದ ನೀರಿನ ಬಿಸಿ ಹೆಚ್ಚಾದಾಗ ನಾನು ಅವರನ್ನು ಹಾಗೇ ನೋಡಿದ್ದೆ.

ಈ ವಿಷಯವನ್ನು ನಾನು ಮೊದಲು ಹೇಳಿದ್ದು ಆಂಜನೇಯನಿಗೆ. ಪ್ರದಕ್ಷಿಣೆ ಹಾಕುತ್ತ, ನಿನ್ನ ಹಾಡಿಗೆ ಅಡ್ಡ ಬರುತ್ತಿಲ್ಲಪ್ಪ, ಸದ್ದಿಗೆ ಮಾತ್ರ, ಅಂತ ಹೇಳಿಕೊಂಡೆ. ಎರಡನೆಯದಾಗಿ ಯಜಮಾನರಿಗೆ ಹೇಳಿದೆ. ಅವರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಒಂದು ವಾರ ಮೊದಲ ಪಾಳಿ, ಇನ್ನೊಂದು ವಾರ ಎರಡನೆಯದು. ಮೊದಲ ಪಾಳಿಯ ವಾರ ಐದೂಕಾಲಿಗೆ ಕಂಪನಿ ಬಸ್ಸು ಹಿಡಿಯಬೇಕು. ಎರಡನೆಯ ಪಾಳಿಯ ವಾರ ಮಧ್ಯಾಹ್ನ ಹೋದವರು ರಾತ್ರಿ ಮನೆಗೆ ಬರುವಷ್ಟರಲ್ಲಿ ಅತ್ತೆ ನಿದ್ದೆಯಲ್ಲಿರುತ್ತಾರೆ. ಯಾವ ಪಾಳಿಯಾದರೂ ತಾಯಿ ಕೈಯಾಡಿಸುವುದನ್ನು ಅವರು ನೋಡುತ್ತಿದ್ದದ್ದೇ ಆ ಮೈಕಿನ ಹೊತ್ತಿನಲ್ಲಿ. ಉಳಿದ ದಿನವೆಲ್ಲ ಅತ್ತೆ ಸೂರು ನೋಡಿಕೊಂಡು ಮಲಗಿರುತ್ತಾರೆ, ಮಗ ಬಂದರೂ ಅಷ್ಟೆ, ಮನೆಗೆ ಬಂದ ನೆಂಟರಾದರೂ ಅಷ್ಟೆ.

"ನೋವಾಗ್ತಿದೆ ಅವರಿಗೆ. ಕಿವಿ ಮುಚ್ಕೊಳ್ಳೋಕೆ ಹೋಗ್ತಿದಾರೆ ರೀ" ಎಂದೆ.

"ನಿಂಗೆ ಬೆಳಗಿನ ಜಾವ ಗಲಾಟೆ ಆದ್ರೆ ನಿಂಗೆ ಅಂತ ಹೇಳು. ಅಮ್ಮನ ಹೆಸರು ಹೇಳ್ಬೇಡ."

ನಾನು ನಾಲ್ಕೂವರೆಗೇ ಏಳುವವಳು. ಇದು ಅವರಿಗೆ ಗೊತ್ತು. ಗೊತ್ತಿದ್ದೂ ಅಂದರಲ್ಲ ಎಂದು ಆ ದಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರಲಿಲ್ಲ. ಊಟ ಮಾಡಿದವರು ಏನೂ ಅನ್ನಲಿಲ್ಲ. ಅದೂ ಒಂದು ಪುಣ್ಯ.

ಕೋಣೆ ಬದಲಾಯಿಸೋಣವೆಂದರೆ ಇನ್ನೊಂದು ಕೋಣೆ ಮಹಡಿಯ ಮೇಲೆ. ನಡುಮನೆಯಲ್ಲಿ ಮಲಗಿಸಿದರೆ ಮೈ ಒರೆಸಿ ಬಟ್ಟೆ ಬದಲಿಸುವಾಗ ಹೋಗಿಬರುವವರ ಕಣ್ಣೆಲ್ಲ ಅವರ ಮೇಲೆ. ಕಿಟಕಿ ಮುಚ್ಚಿ ಕಂಬಳಿ ಇಳಿಬಿಟ್ಟೆ. ಸದ್ದು ಗೋಡೆಯಿಂದಲೇ ಬರುತ್ತಿತ್ತು. ಕೊನೆಗೆ ಒಂದು ದಿನ ಎರಡೂ ಕಿವಿಗೆ ಹತ್ತಿ ಇಟ್ಟೆ. ಅತ್ತೆ ಸುಮ್ಮನೆ ಮಲಗಿದರು. ಎಷ್ಟೋ ದಿನದ ಮೇಲೆ ಆ ಮುಖ ಸಡಿಲವಾಗಿದ್ದು ನೋಡಿದೆ. ಆದರೆ ಅದೇ ಬೆಳಿಗ್ಗೆ ನನ್ನ ನಾದಿನಿ, ಹೊಸಕೋಟೆಯಿಂದ ತಾಯಿಯನ್ನು ನೋಡಲು ಬಂದವಳು, ಹತ್ತಿಯನ್ನು ನೋಡಿದಳು.

"ಅತ್ತಿಗೆ, ಇದೇನು ಮಾಡಿದೀರ? ಕಿವಿಗೆ ಹತ್ತಿ ಇಡೋದು ಯಾರಿಗೆ?"

ನಮ್ಮಲ್ಲಿ ಉಸಿರು ನಿಂತವರ ಮೂಗಿಗೆ, ಕಿವಿಗೆ ಹತ್ತಿ ಇಡುತ್ತಾರೆ. ನನಗೆ ಅದು ತಲೆಗೇ ಬಂದಿರಲಿಲ್ಲ. ನಾದಿನಿ ಹತ್ತಿ ಕಿತ್ತು ಬಿಸಾಕಿ, ಅಳುತ್ತ ತಾಯಿಗೆ ದೃಷ್ಟಿ ನಿವಾಳಿಸಿದಳು. ಅವಳ ಸಂಕಟ ಸುಳ್ಳಲ್ಲ. ಮಾರನೆಯ ಬೆಳಿಗ್ಗೆ ಅತ್ತೆ ಕೈ ಎತ್ತಿದ್ದನ್ನು ಅವಳೇ ಮೊಬೈಲಿನಲ್ಲಿ ಹಿಡಿದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದಳು. ಮಾತು ಬಾರದ ತಾಯಿ ಸುಪ್ರಭಾತ ಕೇಳಿ ಗಲ್ಲ ತಟ್ಟಿಕೊಳ್ಳುತ್ತಾರೆ ಎಂದು ಊರೆಲ್ಲ ನೋಡಿತು. ಪಕ್ಕದ ಹಳ್ಳಿಯವರೂ ನೋಡಿದರು. ಬೆಳಿಗ್ಗೆ ಐದಕ್ಕೆ ಬಾಳೆಹಣ್ಣು ಹಿಡಿದು ನಮ್ಮ ಮನೆಗೆ ಜನ ಬರತೊಡಗಿದರು. ಪೂಜಾರರು ಇದು ಆಂಜನೇಯನ ಮಹಿಮೆ ಎಂದು ಹೇಳಿ ಸದ್ದನ್ನು ಇನ್ನೊಂದು ಗೆರೆ ಏರಿಸಿದರು. ನಾನು ಬಂದವರಿಗೆಲ್ಲ ಕಾಫಿ ಕೊಟ್ಟೆ. ಅತ್ತೆ ಅವರೆಲ್ಲರ ತಲೆಗಳ ನಡುವಿನಿಂದ ನನ್ನನ್ನು ಹುಡುಕುತ್ತಿದ್ದರು.

ಆ ದಿನಗಳಲ್ಲಿ ನಾನು ದೇವರಲ್ಲಿ ಬೇಡುತ್ತಿದ್ದದ್ದು ಕರೆಂಟು ಹೋಗಲಿ ಎಂದು. ವಾರಕ್ಕೆ ಒಂದು ಸಲವಾದರೂ ಆ ಹೊತ್ತಿಗೆ ಹೋಗುತ್ತಿತ್ತು. ಆ ಬೆಳಿಗ್ಗೆ ಅತ್ತೆ ಏಳು ಗಂಟೆಯವರೆಗೆ ನಿದ್ದೆ ಮಾಡುತ್ತಿದ್ದರು. ನಾನು ದೀಪ ಹಚ್ಚಿ, ತುಪ್ಪ ಸ್ವಲ್ಪ ಹೆಚ್ಚೇ ಹಾಕುತ್ತಿದ್ದೆ. ಆದರೆ ಅಂಥ ಒಂದು ಬೆಳಿಗ್ಗೆ ಯಜಮಾನರು ತಾಯಿಯ ಕೋಣೆಗೆ ಹೋಗಿ, ಗಾಬರಿಯಾಗಿ ಅಡುಗೆಮನೆಗೆ ಬಂದರು.

"ಅಮ್ಮ ಇವತ್ತು ಕೈ ಎತ್ಲಿಲ್ಲ ಕಣೇ. ಡಾಕ್ಟ್ರಿಗೆ ಫೋನ್ ಮಾಡ್ಲಾ?"

"ನಿದ್ದೆ ಮಾಡ್ತಿದಾರೆ. ಸದ್ದಿಲ್ಲ, ಅದಕ್ಕೆ."

"ಅದೇ ನಾನು ಹೇಳಿದ್ದು. ಸದ್ದಿಲ್ಲದಿದ್ರೆ ಆಗಲ್ಲ ಅವಳಿಗೆ."

ಆ ವಾರದಲ್ಲೇ ಗುಡಿಗೆ ಯುಪಿಎಸ್ ಬಂತು. ಬ್ಯಾಟರಿಗೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದರು. ನಾನೇ ನಿಂಬೆಹಣ್ಣು ತೆಗೆದುಕೊಂಡು ಹೋಗಿ ಕೊಟ್ಟೆ. ಹಿಂದಕ್ಕೆ ಬರುವಾಗ ಆ ತೊಟ್ಟಿಯ ಹತ್ತಿರ ನಿಂತು ಮನೆಯನ್ನು ನೋಡಿದೆ. ಎದುರಿಗೆ ಮೈಕಿನ ಬಾಯಿ, ಅದರ ನೇರಕ್ಕೆ ಅತ್ತೆಯ ಕಿಟಕಿ. ಎಲ್ಲಿಗೆ ಹೋಗಲಿ ಅನ್ನಿಸಿತು. ಹೋಗುವವಳು ನಾನಾದರೆ ಹೋಗಬಹುದು, ಮಲಗಿರುವವರು ಎಲ್ಲಿಗೆ ಹೋಗುತ್ತಾರೆ?

ಆ ಶನಿವಾರ ಗುಡಿಯಲ್ಲಿ ಹೆಂಗಸರ ಭಜನೆ. ಹದಿನೈದು ಜನ ಇದ್ದೆವು. ಭಜನೆ ಮುಗಿದು ಪ್ರಸಾದದ ಚರುಪು ಹಂಚುವಾಗ ನಾನು ಹೇಳಿಬಿಟ್ಟೆ. ಬೆಳಗಿನ ಮೈಕು ಜೋರಾಯಿತು, ಕಡಿಮೆ ಮಾಡಿಸಬೇಕು, ನಮ್ಮತ್ತೆ ಕೈ ಎತ್ತುವುದು ಭಕ್ತಿಗಲ್ಲ, ನೋವಿಗೆ, ಎಂದೆ. ಗುಡಿ ಕಮಿಟಿ ಅಧ್ಯಕ್ಷರ ಹೆಂಡತಿ ಕಡಲೆಕಾಳು ಹಂಚುತ್ತಿದ್ದವರು ಕೈ ನಿಲ್ಲಿಸಿದರು.

"ನೀವೇ ಕೊಟ್ಟಿರೋ ಮೈಕು ಕಣಮ್ಮ ಅದು."

"ಹೌದಕ್ಕ. ಅದಕ್ಕೇ ಹೇಳೋ ಹಕ್ಕು ಐತೆ ಅಂತ ಹೇಳ್ತಿದೀನಿ."

"ದೊಡ್ಡಬಳ್ಳಾಪುರದಾಗೆ ಮಗ್ಗದ ಸದ್ದಲ್ಲೇ ಹುಟ್ಟಿ ಬೆಳೆದೋಳು" ಎಂದಳು ನನ್ನ ಓರಗೆಯವಳೊಬ್ಬಳು, ನನ್ನ ಕಡೆ ನೋಡದೆ. "ದೇವರ ಹಾಡು ಈಗ ಗಲಾಟೆ ಆಗೋಯ್ತಾ?"

ನನ್ನ ತವರು ಮಗ್ಗದ ಬೀದಿಯಲ್ಲಿರುವುದು ನಿಜ. ಹಗಲೂ ಇರುಳೂ ಟಕಟಕ. "ಮಗ್ಗ ನಿಂತ್ರೆ ನಮ್ಮಪ್ಪಂಗೆ ನಿದ್ದೆ ಬರ್ತಿರಲಿಲ್ಲ" ಎಂದೆ. "ಆದ್ರೆ ಮಗ್ಗಾನ ಯಾರೂ ರೋಗಿ ಕಿವಿ ಹತ್ರ ಹಾಕ್ತಿರಲಿಲ್ಲ."

ಒಂದಿಬ್ಬರು ನಕ್ಕರು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹಿಂದೆ ಕೂತಿದ್ದ ಒಬ್ಬರು ಎದ್ದು, "ಟೌನಲ್ಲಿ ಅವರದ್ದು ದಿನಕ್ಕೆ ಐದು ಸಲ ಕೂಗ್ತದಲ್ಲ, ಅಲ್ಲಿ ಹೋಗಿ ಹೇಳ್ತೀಯೇನಮ್ಮ? ನಮ್ಮೋರಿಗೆ ಮಾತ್ರ ಹೇಳೋದು" ಎಂದರು.

"ಅದು ನಮ್ಮತ್ತೆ ಕಿಟಕಿಗೆ ಕಟ್ಟಿಲ್ಲ. ಕಟ್ಟಿದ್ರೆ ಅವರಿಗೂ ಹೇಳ್ತಿದ್ದೆ" ಎಂದೆ.

ಕಡಲೆಕಾಳು ನನ್ನ ಕೈಗೆ ಬಂತು, ಆದರೆ ಕೊಟ್ಟವರ ಬೆರಳು ನನ್ನ ಕೈಗೆ ತಾಗಲಿಲ್ಲ. ಮುಂದಿನ ಶನಿವಾರ ಹೋದಾಗ ನಾನು ಯಾವಾಗಲೂ ಹಿಡಿಯುತ್ತಿದ್ದ ತಾಳ ಇನ್ನೊಬ್ಬಳ ಕೈಯಲ್ಲಿತ್ತು. ನಾನು ಚಪ್ಪಾಳೆ ತಟ್ಟಿದೆ. ವಾರಕ್ಕೊಮ್ಮೆ ಮನೆಯಿಂದ ಹೊರಗೆ ಕೂರುವ ಒಂದೂವರೆ ಗಂಟೆ ಅದು. ಅದನ್ನು ಬಿಟ್ಟರೆ ಹಾಲಿನ ಡೈರಿ, ಅಷ್ಟೆ. ಬಿಡಲು ಮನಸ್ಸು ಬರಲಿಲ್ಲ.

ಆ ಡೈರಿಯ ಹತ್ತಿರ ಒಂದು ಚೋದ್ಯ ನಡೆಯಿತು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ಮಗ್ಗದ ಮಾತಾಡಿದವಳೇ ನನ್ನ ಹಿಂದೆ ಬಂದು ನಿಂತು, ಸೆರಗು ಬಾಯಿಗೆ ಅಡ್ಡ ಹಿಡಿದು, "ನೀ ಹೇಳಿದ್ದು ನಿಜ ಕಣಕ್ಕ. ನನ್ನ ಸೊಸೆ ಕೂಸು ದಿನಾ ಬೆಚ್ಚಿಬಿದ್ದು ಅಳ್ತದೆ. ನಾ ಹೇಳಿದೆ ಅಂತ ಎಲ್ಲೂ ಹೇಳ್ಬೇಡ" ಎಂದಳು. ಎರಡು ದಿನ ಬಿಟ್ಟು ಇನ್ನೊಬ್ಬಳು. ಅವಳ ಗಂಡನಿಗೆ ತಲೆಶೂಲೆ. ಆಮೇಲೆ ಮತ್ತೊಬ್ಬರು, ವಯಸ್ಸಾದವರು, ಬರೀ ನನ್ನ ಕೈ ಅದುಮಿ ಹೋದರು. ನನಗೆ ಸಂತೋಷವಾಗಬೇಕಿತ್ತು. ಇಷ್ಟು ಜನ ನನ್ನ ಹಾಗೇ ಯೋಚಿಸುತ್ತಾರೆ, ಗುಡಿಯೊಳಗೆ ಮಾತ್ರ ನಾನೊಬ್ಬಳೇ, ಎಂಬುದು ತಿಳಿದಮೇಲೆ ಉಸಿರು ಇನ್ನಷ್ಟು ಬಿಗಿಯಾಯಿತು.

ಸುದ್ದಿ ಯಜಮಾನರಿಗೆ ತಲುಪಿತು. ಅವರು ಕೂಗಾಡಲಿಲ್ಲ.

"ಮನೇಲಿ ಹೇಳ್ಬೋದಿತ್ತಲ್ಲ."

"ಮನೇಲಿ ಮೂರು ಸಲ ಹೇಳಿದೆ ರೀ."

ಅದಾದಮೇಲೆ ಒಂಬತ್ತು ದಿನ ಅವರು ನನ್ನ ಜೊತೆ ಊಟಕ್ಕೆ, ನೀರಿಗೆ ಬಿಟ್ಟು ಬೇರೆ ಮಾತಾಡಲಿಲ್ಲ.

ಹತ್ತಿ ಇಡುವ ಹಾಗಿಲ್ಲ, ಸದ್ದು ಇಳಿಸುವ ಹಾಗಿಲ್ಲ. ಉಳಿದದ್ದು ನನ್ನ ಎರಡು ಕೈ. ಬೆಳಿಗ್ಗೆ ಹೊಸಿಲ ಕೆಲಸವನ್ನು ಮೊದಲೇ ಮುಗಿಸಿ, ಐದಕ್ಕೆ ಮುಂಚೆ ಅತ್ತೆಯ ತಲೆದಿಂಬಿನ ಹತ್ತಿರ ಕೂತು, ಗೊರಗೊರ ಶುರುವಾದ ತಕ್ಷಣ ಎರಡು ಅಂಗೈಯಿಂದ ಅವರ ಎರಡೂ ಕಿವಿ ಮುಚ್ಚತೊಡಗಿದೆ. ಮೊದಲ ದಿನ ಅವರ ಎಡಗೈ ಅಭ್ಯಾಸದ ಮೇಲೆ ಎದ್ದಿತು. ನನ್ನ ಕೈ ಅಲ್ಲಿದ್ದದ್ದು ತಾಗಿ, ಹಾಗೇ ನನ್ನ ಮಣಿಕಟ್ಟು ಹಿಡಿದು ನಿಂತಿತು. ಎರಡನೆಯ ದಿನದಿಂದ ಎದ್ದೇ ಇಲ್ಲ. ವೀಡಿಯೊ ಹಳತಾಗಿ ಜನ ಬರುವುದು ನಿಂತಿದ್ದು ನನ್ನ ಪುಣ್ಯ.

ಎರಡನೆಯ ಪಾಳಿಯ ವಾರ. ಯಜಮಾನರು ಎದ್ದು ಬಂದು ಕೋಣೆಯ ಬಾಗಿಲಲ್ಲಿ ನಿಂತರು. ಮೈಕು ಹೊಡೆದುಕೊಳ್ಳುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ಕಣ್ಣಲ್ಲಿ ನೀರಿರಲಿಲ್ಲ. ಅವರು ಎಷ್ಟು ಹೊತ್ತು ನಿಂತಿದ್ದರೋ ನಾನು ತಿರುಗಿ ನೋಡಲಿಲ್ಲ. ಆಮೇಲೆ ಹತ್ತಿರ ಬಂದು, "ಒಂದ್ಸಲ ಕೈ ತೆಗಿ" ಎಂದರು.

ತೆಗೆಯಲು ನನಗೆ ಇಷ್ಟವಿರಲಿಲ್ಲ. ಆದರೂ ತೆಗೆದೆ. ಅತ್ತೆಯ ಮುಖ ಕಿವುಚಿತು. ಎಡಗೈ ಎದ್ದು ಕಿವಿಗೆ ಹೋಯಿತು, ಕೆನ್ನೆಗೆ ಜಾರಿತು. ನಾನು ಮತ್ತೆ ಮುಚ್ಚಿದೆ. ಕೈ ಇಳಿಯಿತು.

ಯಜಮಾನರು ಮಂಚದ ಕಾಲ ಬಳಿ ಕೂತರು. ಹಾಡು ಮುಗಿದಮೇಲೆ ಕೇಳಿದರು, "ಹಂಗಾದ್ರೆ ಅಮ್ಮಂಗೆ ಏನೂ ಗೊತ್ತಾಗ್ತಿಲ್ವಾ?"

ನನಗೆ ಆಗ ಅರ್ಥವಾಯಿತು, ಇಷ್ಟು ದಿನ ಅವರು ಏನನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು ಎಂದು. ತಾಯಿಯ ಒಳಗೆ ತಾಯಿ ಇನ್ನೂ ಇದ್ದಾಳೆ ಎನ್ನುವುದಕ್ಕೆ ಅವರಿಗಿದ್ದದ್ದು ಆ ಕೈ ಒಂದೇ. ನನ್ನ ಮಾತು ನಿಜವಾದರೆ ಅದು ಹೋಗುತ್ತಿತ್ತು.

"ಗೊತ್ತಾಗ್ತದೆ" ಎಂದೆ. "ನೋವು ಗೊತ್ತಾಗ್ತದೆ. ಕೈ ಇಟ್ರೆ ನನ್ನ ಕೈ ಅಂತ ಗೊತ್ತಾಗ್ತದೆ. ನೀವೂ ಇಟ್ಟು ನೋಡಿ."

ಆ ಸಂಜೆ ಅವರು ಕೆಲಸಕ್ಕೆ ರಜೆ ಹಾಕಿ ಕಮಿಟಿಯವರ ಹತ್ತಿರ ಹೋದರು. ಮೈಕು ಕೊಟ್ಟವನೇ ಹೋಗಿ ಅದರ ಬಾಯಿ ಸ್ವಲ್ಪ ಆಚೆ ತಿರುಗಿಸಿ ಎಂದು ಕೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಅಧ್ಯಕ್ಷರು ಒಳ್ಳೆಯ ಮಾತಲ್ಲೇ ಕೇಳಿಸಿಕೊಂಡರಂತೆ. ಸದ್ದು ಇಳಿಸಿದರೆ ದೇವರಿಗೆ ಇಳಿಸಿದಂತಾಗುತ್ತದೆ, ದಿಕ್ಕು ಬೇಕಾದರೆ ಬದಲಿಸೋಣ ಎಂದರಂತೆ. ಕೆರೆ ಬೀದಿಯ ಕಡೆಗೆ ತಿರುಗಿಸೋಣವೆಂದರೆ ಕೆರೆ ಬೀದಿಯವರು, "ಕೊಟ್ಟೋರಿಗೇ ಬೇಡವಾಗಿದ್ದು ನಮಗ್ಯಾಕೆ?" ಎಂದರು. ಮೇಲಿನ ಬೀದಿಯಲ್ಲಿ ಮಕ್ಕಳಿಗೆ ಪರೀಕ್ಷೆ. ಶಾಲೆ ಕಡೆಗೆ ಎಂದರೆ ಅಲ್ಲಿರುವುದು ಅಧ್ಯಕ್ಷರ ಮನೆ, ಅವರ ಹೆಂಡತಿಗೆ ಬಿಪಿ. ಅವರೇ, ಕಡಲೆಕಾಳು ಹಂಚುತ್ತಿದ್ದವರು. ಕೊನೆಗೆ, ದಾನ ಮಾಡಿದ್ದನ್ನು ಅಲುಗಾಡಿಸಬಾರದು, ಅದು ಇದ್ದ ಕಡೆಗೇ ಇರಲಿ ಎಂದು ಎಲ್ಲರೂ ಒಮ್ಮನಸ್ಸಿನಿಂದ ತೀರ್ಮಾನ ಮಾಡಿದರು.

ಯಜಮಾನರು ಬಂದು ಇದನ್ನೆಲ್ಲ ಹೇಳುವಾಗ ನನಗೆ ನಗು ಬಂತು. ಅವರಿಗೆ ಬರಲಿಲ್ಲ. "ನಾಲ್ಕು ದಿಕ್ಕಿಗೂ ಕೇಳ್ದೆ ಕಣೇ" ಎಂದರು, ಅಷ್ಟೆ.

ಮೈಕಿನ ಬಾಯಿ ಇಂದಿಗೂ ನಮ್ಮ ಕಡೆಗೇ ಇದೆ. ಭಜನೆಯಲ್ಲಿ ನಾನು ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ, ಮತ್ತೆ ಹೇಳಿಯೂ ಇಲ್ಲ. ಕೇಳಿದವರಿಗೆ ಮಾತ್ರ ಹೇಳುತ್ತೇನೆ. ಗುಡಿಯೊಳಗೆ ಯಾರೂ ಕೇಳುವುದಿಲ್ಲ.

ಯಜಮಾನರಿಗೆ ಎರಡನೆಯ ಪಾಳಿಯಿರುವ ವಾರ ಅವರು ತಾಯಿಯ ಎಡಗಡೆ ಕೂರುತ್ತಾರೆ, ನಾನು ಬಲಗಡೆ. ಒಬ್ಬೊಬ್ಬರು ಒಂದೊಂದು ಕಿವಿ. ಅವರ ಕೈ ದೊಡ್ಡದು, ಚೆನ್ನಾಗಿ ಮುಚ್ಚುತ್ತದೆ. ಅತ್ತೆ ಒಂದೊಂದು ದಿನ ಮಗನ ಕಡೆಗೆ ಮುಖ ಹೊರಳಿಸುತ್ತಾರೆ. ಆಗ ಯಜಮಾನರು ನನ್ನನ್ನು ನೋಡುತ್ತಾರೆ, ನಾನು ಹೌದೆಂದು ತಲೆಯಾಡಿಸುತ್ತೇನೆ. ಆ ವಾರ ನನಗೆ ಒಂದು ಕೈ ಬಿಡುವಾಗಿರುತ್ತದೆ, ಅದರಲ್ಲಿ ಜಪಮಣಿ ಎಣಿಸಿಕೊಳ್ಳುತ್ತೇನೆ.

ನಾಳೆ ಸೋಮವಾರ, ಅವರಿಗೆ ಮೊದಲ ಪಾಳಿ. ಐದೂಕಾಲಿಗೆ ಬಸ್ಸು. ಇನ್ನು ಆರು ದಿನ ಎರಡು ಕಿವಿಯೂ ನನ್ನವೇ.